ವಾರಂಟಿಯ 14 ಪುಟಗಳು

ಸಂಘದ ಯುವ ಮಿತ್ರರೇ, ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನನಗೆ ಕಾರು ನಡೆಸಲು ಬರುವುದಿಲ್ಲ. ಬಾನೆಟ್ ಎತ್ತಿ ತೋರಿಸಿದರೆ ಬ್ಯಾಟರಿಯೊಂದನ್ನು ಗುರುತಿಸಿಯೇನು, ಅಷ್ಟೇ. 1993ರಲ್ಲಿ ಧಾರವಾಡದಿಂದ ಡೊಂಬಿವಲಿಗೆ ಸೊಸೆಯಾಗಿ ಬಂದಾಗಿನಿಂದ ನನ್ನ ವಾಹನವೆಂದರೆ ಲೋಕಲ್ ಗಾಡಿಯ ಮಹಿಳಾ ಡಬ್ಬಿ, ಇಲ್ಲವೇ ಶೇರ್ ರಿಕ್ಷಾ. ಇಂಥವಳು ಕಾರಿನ ವಾರಂಟಿಯ ಬಗ್ಗೆ ನಿಮಗೆ ಬರೆಯುವುದು ಅಧಿಕಪ್ರಸಂಗವೆನಿಸಬಹುದು. ಆದರೆ ನಿಮ್ಮಲ್ಲಿ ಅನೇಕರು ಈಗ ಮೊದಲ ಸಂಬಳ, ಮೊದಲ ಸಾಲ, ಮೊದಲ ಕಾರಿನ ವಯಸ್ಸಿನಲ್ಲಿದ್ದೀರಿ. ಹೊಸದಕ್ಕೆ ಹಣ ಸಾಲದೆ ಹಳೆಯದನ್ನು ನೋಡಹೊರಟವರೂ ಇದ್ದೀರಿ. ನಮ್ಮ ಮಗಳೂ 2024ರ ನವೆಂಬರಿನಲ್ಲಿ ಹಾಗೆಯೇ ಹೊರಟಳು.

ಅವಳ ಆಫೀಸು ಐರೋಲಿಯಲ್ಲಿ. ಡೊಂಬಿವಲಿಯಿಂದ ಠಾಣೆಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ, ಇಳಿದು ಮತ್ತೆ ರಿಕ್ಷಾಕ್ಕೆ ಕಾಯಬೇಕು. ರಾತ್ರಿ ಪಾಳಿ ಬಂದಾಗ ನಮ್ಮ ಮನೆಯವರು ಅವಳು ಬರುವವರೆಗೆ ಗ್ಯಾಲರಿಯಲ್ಲಿ ನಿಂತಿರುತ್ತಿದ್ದರು. ಕೊನೆಗೆ 2019ರ ಒಂದು ಪುಟ್ಟ ಪೆಟ್ರೋಲ್ ಕಾರು ಅವಳ ಕಣ್ಣಿಗೆ ಬಿತ್ತು. ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಕ್ಲಚ್ ಒತ್ತೀ ಒತ್ತೀ ಕಾಲು ಬಿದ್ದುಹೋಗುತ್ತದೆಂದು ತಾನೇ ಗೇರ್ ಬದಲಿಸಿಕೊಳ್ಳುವ ಎಎಂಟಿ ಕಾರು. ಓಡಿದ್ದು 48,000 ಕಿಲೋಮೀಟರ್, ಬೆಲೆ 4 ಲಕ್ಷ 70 ಸಾವಿರ. ಅವಳ ಉಳಿತಾಯ 2 ಲಕ್ಷ, ಮಿಕ್ಕಿದ್ದು ಸಾಲ.

ಎಲ್ಲಾ ಕುದುರಿದ ಮೇಲೆ ಅಂಗಡಿಯ ಹುಡುಗ ಇನ್ನೊಂದು ಕಾಗದ ಮುಂದಿಟ್ಟ. ಎಕ್ಸ್‌ಟೆಂಡೆಡ್ ವಾರಂಟಿ, 2 ವರ್ಷಕ್ಕೆ 18,000 ರೂಪಾಯಿ. ಶೇಕಡಾ 18ರ ಜಿಎಸ್‌ಟಿ ಸೇರಿ 21,240. "ಕಾಕೂ, ಟೆನ್ಶನ್ ಘೇಊ ನಕಾ, ಇಂಜಿನ್, ಗೇರ್‌ಬಾಕ್ಸ್, ಸಗಳಂ ಕವರ್ ಆಹೇ. ಪೂರ್ಣ ಖಾತ್ರಿ" ಎಂದು ನನ್ನ ಕಡೆ ತಿರುಗಿ ನಕ್ಕ. ಅಂದೇ ಸಹಿ ಹಾಕಿದರೆ ಸಾವಿರ ರೂಪಾಯಿ ಕಡಿಮೆಯಂತೆ. ಮಗಳು ಪೆನ್ನು ತೆಗೆದಳು. ನಾನು ಅವಳ ಕೈ ಹಿಡಿದೆ. "ಷರತ್ತಿನ ಪುಸ್ತಕ ಕೊಡಪ್ಪಾ, ಮನಿಗೆ ಒಯ್ದು ಓದ್ತೀವಿ" ಎಂದದ್ದು ಗಡಿಬಿಡಿಯಲ್ಲಿ ಕನ್ನಡದಲ್ಲೇ ಬಂತು. ಅವನಿಗೆ ಅರ್ಥವಾಗಲಿಲ್ಲ, ಮಗಳಿಗೆ ಆಯಿತು, ಸಿಟ್ಟೂ ಬಂತು. ದಾರಿಯುದ್ದಕ್ಕೂ ಒಂದೇ ಮಾತು: "ಅಮ್ಮಾ, ನಿನಗ ಕಾರಿಂದ ಏನ್ ಗೊತ್ತದ?"

ಕಾರಿನದು ಗೊತ್ತಿಲ್ಲ, ಒಪ್ಪಿದೆ. ಆದರೆ ಅದು ಕಾರಲ್ಲ, ಕಾಗದ. ಕಾಗದ ಇಂಗ್ಲಿಷಿನಲ್ಲಿತ್ತು. ನಾನು 1990ರಲ್ಲಿ ಇಂಗ್ಲಿಷ್ ಮೇಜರ್ ಮಾಡಿ ಬಿ.ಎ. ಮುಗಿಸಿದವಳು. ಆ ಪದವಿ ಇಷ್ಟು ವರ್ಷ ಕಪಾಟಿನ ಮೇಲಿನ ಫೈಲಿನಲ್ಲಿ ಭದ್ರವಾಗಿತ್ತು. ಹೆಚ್ಚೆಂದರೆ ಮಕ್ಕಳ ಪ್ರಬಂಧ ತಿದ್ದಲು ಉಪಯೋಗಕ್ಕೆ ಬಂದಿತ್ತು. ನಮ್ಮ ಸರ್ ಒಬ್ಬರು ತರಗತಿಯಲ್ಲಿ ಹೇಳಿದ್ದು ಇಂದಿಗೂ ನೆನಪಿದೆ. ಗ್ಯಾರಂಟಿ ಮತ್ತು ವಾರಂಟಿ ಮೂಲದಲ್ಲಿ ಒಂದೇ ಶಬ್ದ. ಉತ್ತರ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡಿಗೆ ಬಂದಾಗ 'ವ'ಕಾರದ ಉಚ್ಚಾರ ತಂದರು. ಮುಂದೆ ಮಧ್ಯ ಫ್ರಾನ್ಸಿನ ಕಡೆಯಿಂದ ಅದೇ ಶಬ್ದ 'ಗ'ಕಾರ ತೊಟ್ಟು ಇನ್ನೊಮ್ಮೆ ಬಂತು. ವಾರ್ಡನ್ ಮತ್ತು ಗಾರ್ಡಿಯನ್ ಕೂಡ ಹಾಗೆಯೇ ಬಂದ ಜೋಡಿ. ಆಗ ಇದು ಪರೀಕ್ಷೆಗೆ ಬಾಯಿಪಾಠ ಮಾಡುವ ವಿಷಯವಾಗಿತ್ತು.

ಸಹಿಯ ಮುಂದೆ ನಾನು ಏಕೆ ಕೈ ಹಿಡಿದೆ ಎಂಬುದನ್ನು ಆ ರಾತ್ರಿ ಮಗಳಿಗೆ ಹೇಳಬೇಕಾಯಿತು. ನಿಮಗೂ ಹೇಳುತ್ತೇನೆ.

2005ರ ಜುಲೈ 26ರ ಮಳೆಯ ಕಥೆಯನ್ನು ನಿಮ್ಮ ತಂದೆತಾಯಿಗಳ ಬಾಯಲ್ಲಿ ಕೇಳಿರುತ್ತೀರಿ. ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್. ಮುಂಬಯಿಯ ಎಷ್ಟೋ ಕಾರುಗಳು ಅಂದು ಸೀಟಿನ ಮಟ್ಟದವರೆಗೆ ನೀರಿನಲ್ಲಿ ನಿಂತವು. ಮರುವರ್ಷ ನಮ್ಮ ಮನೆಯವರಿಗೆ ಕಾರು ಕೊಳ್ಳುವ ಆಸೆ ಹುಟ್ಟಿತು. ಮೂರು ವರ್ಷ ಹಳೆಯ ಕಾರು, 1 ಲಕ್ಷ 60 ಸಾವಿರ. ಪಿ.ಎಫ್. ಸಾಲ, ನನ್ನ ನಾಲ್ಕು ಬಳೆ, ಜೊತೆಗೆ ನಾನು ಬಿ.ಎಡ್. ಸೇರಬೇಕೆಂದು ಕೂಡಿಸಿಟ್ಟಿದ್ದ ಸ್ವಲ್ಪ ಹಣ. ಏಜೆಂಟನ ಅಂಗಡಿಗೆ ನಮ್ಮವರು, ಭಾವನವರು, ನಾನು ಮೂವರೂ ಹೋಗಿದ್ದೆವು. ಏಜೆಂಟ ಎದೆ ತಟ್ಟಿಕೊಂಡು "ಒಂದು ವರ್ಷ ನಾನು ಗ್ಯಾರಂಟಿ" ಎಂದ. ಚಹಾ ತರಿಸಿದ. ಮೇಜಿನ ಮೇಲೆ ರಸೀದಿ ನನ್ನ ಎದುರಿಗೇ ಇತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಆ್ಯಸ್ ಈಸ್, ವೇರ್ ಈಸ್' ಎಂದು ಅಚ್ಚಾಗಿತ್ತು. ಇದ್ದದ್ದು ಇದ್ದ ಹಾಗೆ, ಆಮೇಲೆ ನಮ್ಮನ್ನು ಕೇಳಬೇಡಿ ಎಂದು ಅರ್ಥ. ನಾನು ಅದನ್ನು ಓದಿದೆ. ಓದಿ ತಿಳಿದುಕೊಂಡೆ. ಯಾರೂ ನನ್ನನ್ನು ತಡೆಯಲಿಲ್ಲ. ಯಾರೂ ಕೇಳಲೂ ಇಲ್ಲ. ಗಂಡಸರು ಮಾತಾಡುವಾಗ ನಡುವೆ ಬಾಯಿ ಹಾಕುವುದೇಕೆ ಎಂದು ಚಹಾ ಕುಡಿದೆ.

ಮಳೆಗಾಲ ಬಂದಾಗ ಕಾರಿನೊಳಗೆ ಕೆಸರಿನ ವಾಸನೆ ಏಳತೊಡಗಿತು. ಹಾರ್ನ್ ತಾನಾಗಿ ಬಾರಿಸುತ್ತಿತ್ತು. ದೀಪ ಹಚ್ಚಿದರೆ ವೈಪರ್ ನಿಲ್ಲುತ್ತಿತ್ತು. ಮೆಕ್ಯಾನಿಕ್ ಕಾರ್ಪೆಟ್ ಎತ್ತಿ ತೋರಿಸಿದಾಗ ಅಡಿಯಲ್ಲಿ ಒಣಗಿದ ರಾಡಿ, ಸೀಟಿನ ಹಳಿಗಳಿಗೆಲ್ಲ ತುಕ್ಕು. ಏಜೆಂಟ ಆ ರಸೀದಿಯ ಸಾಲನ್ನೇ ಬೆರಳಿಟ್ಟು ತೋರಿಸಿದ. 2008ರಲ್ಲಿ 38,000ಕ್ಕೆ ಅದನ್ನು ಗುಜರಿಗೆ ಹಾಕಿದೆವು. ಬಿ.ಎಡ್. ಆಗಲಿಲ್ಲ. ನಾನು ಆ ಸಾಲನ್ನು ಮೊದಲೇ ಓದಿದ್ದೆನೆಂದು ಇಷ್ಟು ವರ್ಷ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಅಡುಗೆಮನೆಯಲ್ಲಿ ಮಗಳಿಗೆ ಇದನ್ನು ಹೇಳುವಾಗ ಹೊರಗೆ ಟಿವಿಯ ಸದ್ದು ಸಣ್ಣಗಾಯಿತು. ಅವರಿಗೂ ಕೇಳಿಸಿತೆಂದು ಗೊತ್ತಾಯಿತು.

ಸರಿ, 14 ಪುಟ. ಊಟವಾದ ಮೇಲೆ ಕನ್ನಡಕ ಏರಿಸಿ, ಪೆನ್ಸಿಲ್ ಹಿಡಿದು ಕುಳಿತೆವು. ಮೊದಲ ಪುಟದಲ್ಲಿ ಬಣ್ಣದ ಚಿತ್ರ, ನಗುವ ಸಂಸಾರ. ಯಾವ ಯಾವ ಭಾಗಗಳ ದುರಸ್ತಿ ಸಿಗುತ್ತದೆ ಎಂಬುದು ಎರಡನೆಯ ಪುಟದಲ್ಲೇ ಮುಗಿಯಿತು. ಮೂರರಿಂದ ಕೊನೆಯವರೆಗೆ ಏನೇನು ಸಿಗುವುದಿಲ್ಲ ಎಂಬುದೇ. ಟೈರು, ಬ್ಯಾಟರಿ, ಬ್ರೇಕ್ ಪ್ಯಾಡ್, ರಬ್ಬರಿನ ಸಾಮಾನು, ಎಣ್ಣೆ: ಇವೆಲ್ಲ ಸವೆಯುವ ವಸ್ತುಗಳು, ಸಿಗದಿರುವುದು ನ್ಯಾಯವೇ. ಕೊಳ್ಳುವ ಮೊದಲೇ ಇದ್ದ ದೋಷ, ಇಲ್ಲ. ಮೊದಲ 30 ದಿನ, ಇಲ್ಲ. ಒಂದು ಭಾಗ ಕೆಟ್ಟು ಅದರಿಂದ ಇನ್ನೊಂದು ಕೆಟ್ಟರೆ ಆ ಇನ್ನೊಂದಕ್ಕೆ ಇಲ್ಲ. ಅವರಿಗೆ ತಿಳಿಸದೆ ಬೇರೆಡೆ ಬಿಚ್ಚಿಸಿದರೆ ಯಾವುದೂ ಇಲ್ಲ. ಎರಡು ವರ್ಷಕ್ಕೆ ಒಟ್ಟು ಮಿತಿ 60,000 ರೂಪಾಯಿ.

ಆರನೆಯ ಪುಟದಲ್ಲಿ ಮಗಳೇ ನಿಂತಳು. ಗೇರ್‌ಬಾಕ್ಸ್ ಸೇರಿದೆ, ಕ್ಲಚ್ ಇಲ್ಲ ಎಂದಿತ್ತು. "ನನ್ನ ಕಾರಿನ್ಯಾಗ ಕ್ಲಚ್ಚೇ ಇಲ್ಲಲ್ಲಾ" ಎಂದಳು. ಮರುದಿನ ನಮ್ಮ ಸೊಸೈಟಿಯ ಮೆಕ್ಯಾನಿಕ್ಕನನ್ನು ಕೇಳಿದೆವು. ಎಎಂಟಿಯಲ್ಲಿ ಕಾಲಿಗೆ ಪೆಡಲ್ ಇಲ್ಲ ನಿಜ. ಕ್ಲಚ್ ಒಳಗೆ ಇದ್ದೇ ಇರುತ್ತದೆ, ಯಂತ್ರವೇ ಅದನ್ನು ಒತ್ತುತ್ತದೆ. ಗಾಡಿ ತೆವಳಿ ತೆವಳಿ ಸಾಗುವ ಟ್ರಾಫಿಕ್ಕಿನಲ್ಲಿ ಮೊದಲು ಸವೆಯುವುದು ಅದೇ. ಅದರ ಖರ್ಚು 15-20 ಸಾವಿರ, ಗೇರ್ ಬದಲಿಸುವ ಆಕ್ಚುಯೇಟರ್ ಹೋದರೆ 40 ಸಾವಿರದ ಮೇಲೆ ಎಂದು ಅವನ ಲೆಕ್ಕ. ಆಕ್ಚುಯೇಟರಿನ ಹೆಸರು ಸಿಗುವ ಪಟ್ಟಿಯಲ್ಲೂ ಇರಲಿಲ್ಲ, ಸಿಗದ ಪಟ್ಟಿಯಲ್ಲೂ ಇರಲಿಲ್ಲ.

ಇಷ್ಟಾದರೂ ನಾನು ಬೇಡವೆಂದು ಹಟ ಹಿಡಿಯಲಿಲ್ಲ. ನನ್ನ ಸಿಟ್ಟು 2006ರದು. ಆ ಹುಡುಗನ ಕಾಗದ ಮೋಸದ ಕಾಗದವಲ್ಲ, ಇಂಗ್ಲಿಷ್ ಕೂಡ ಶುದ್ಧವಾಗಿತ್ತು. ಕಾರಿನ ಕಂಪನಿಯವರೇ ಕೊಡುವ ವಿಸ್ತರಿತ ವಾರಂಟಿಯನ್ನು ಸಾಮಾನ್ಯವಾಗಿ ಮೊದಲಿನದು ಮುಗಿಯುವುದರೊಳಗೆ ಕೊಳ್ಳಬೇಕು. ಕೊಂಡಿದ್ದರೆ ಅದು ಸಾಮಾನ್ಯವಾಗಿ ಕಾರಿನ ಜೊತೆ ಹೊಸ ಮಾಲೀಕರಿಗೂ ಬರುತ್ತದೆ. ಹಳೆ ಕಾರು ನೋಡುವಾಗ ಇದನ್ನು ಮೊದಲು ಕೇಳಿ. ನಮ್ಮ ಕಾರಿನ ಹಳೆ ಮಾಲೀಕರು ಕೊಂಡಿರಲಿಲ್ಲ. ಹಾಗಾಗಿ ಇದ್ದದ್ದು ಈ ಮೂರನೆಯವರ ಕಾಗದವೊಂದೇ. ಮಗಳ ವಾದವೂ ಹಗುರವಾದುದಲ್ಲ: "ಅಮ್ಮಾ, ಡೌನ್ ಪೇಮೆಂಟ್ ಆದಮ್ಯಾಲೆ ನನ್ನ ಕಡೆ ಉಳಿಯೂದು 40 ಸಾವಿರ. ಒಮ್ಮೆಲೇ 50 ಸಾವಿರದ ಬಿಲ್ ಬಂದ್ರ?" ಕೈಯಲ್ಲಿ ಹಣ ಇದ್ದವರಿಗೆ ವಾರಂಟಿ ಬೇಡವೆನ್ನುವುದು ಸುಲಭ. ಇಲ್ಲದವರಿಗೆ 21 ಸಾವಿರ ಕೊಟ್ಟು ನಿದ್ದೆ ಕೊಳ್ಳುವುದು ತಪ್ಪೇನಲ್ಲ. ನಾನೇ ಅವಳ ಕಡೆ ವಾಲಿದ್ದೆ.

ಎಲ್ಲವನ್ನೂ ತೀರ್ಮಾನಿಸಿದ್ದು 11ನೆಯ ಪುಟ. ಕಾರಿನ ಸರ್ವಿಸ್ ಕಾಲಕಾಲಕ್ಕೆ ನಡೆದಿರಬೇಕು, ದಾಖಲೆ ಇರಬೇಕು. ತಪ್ಪಿದ್ದರೆ ಕ್ಲೇಮ್ ನಿರಾಕರಿಸಬಹುದು ಎಂದಿತ್ತು. ಮಗಳು ಸರ್ವಿಸ್ ದಾಖಲೆಯ ಪ್ರತಿ ತೆಗೆದಳು. 2020ರಲ್ಲಿ ಒಂದೂ ಇಲ್ಲ. ಕೋವಿಡ್ ಲಾಕ್‌ಡೌನಿನ ವರ್ಷ. ಕಾರು ಮನೆ ಮುಂದೆ ನಿಂತೇ ಇದ್ದಿರಬೇಕು, ಪಾಪ. ಆದರೆ ಕಾಗದಕ್ಕೆ ಕೋವಿಡ್ ಗೊತ್ತಿಲ್ಲ.

ಶನಿವಾರ ಮತ್ತೆ ಅಂಗಡಿಗೆ ಹೋದೆವು. ಈ ಸಲ ನಮ್ಮವರೂ ಬಂದರು, ಒಂದು ಮಾತೂ ಆಡದೆ ಪಕ್ಕದ ಕುರ್ಚಿಯಲ್ಲಿ ಕುಳಿತರು. ನಾನು 11ನೆಯ ಪುಟ ತೆರೆದು ತೋರಿಸಿದೆ. ಹುಡುಗ ನಕ್ಕ. "ಅದೆಲ್ಲ ಬರೀ ಫಾರ್ಮ್ಯಾಲಿಟಿ ಕಾಕೂ, ಲಾಕ್‌ಡೌನ್ ವರ್ಷ ಯಾರೂ ನೋಡಲ್ಲ. ಇಷ್ಟು ದಿನದಲ್ಲಿ ಈ ಪುಸ್ತಕ ಪೂರ್ತಿ ಓದಿದವರು ನೀವೇ ಮೊದಲು." ಹಾಗಾದರೆ ಒಂದು ಸಾಲು ಬರೆದುಕೊಡು, 2020ರ ಸರ್ವಿಸ್ ಇಲ್ಲವೆಂದು ಕ್ಲೇಮ್ ನಿರಾಕರಿಸುವುದಿಲ್ಲವೆಂದು ಬರೆದು ಅಂಗಡಿಯ ಮುದ್ರೆ ಹಾಕು, ಆಕ್ಚುಯೇಟರ್ ಸೇರಿದೆಯೆಂದೂ ಬರೆ ಎಂದೆ. ಅವನು ಒಳಗೆ ಹೋದ. ಮ್ಯಾನೇಜರ್ ಬಂದರು, ಫೋನಿನಲ್ಲಿ ಯಾರನ್ನೋ ಕೇಳಿದರು, ಅರ್ಧ ಗಂಟೆಯಾಯಿತು. ಬಾಯಲ್ಲಿ ಎಷ್ಟು ಬೇಕಾದರೂ ಹೇಳುತ್ತೇವೆ ಮೇಡಂ, ಬರೆದುಕೊಡಲು ನಮಗೆ ಅಧಿಕಾರವಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ಮಗಳು ಪೆನ್ನನ್ನು ಚೀಲಕ್ಕೆ ಹಾಕಿಕೊಂಡಳು. ನಾನೇನೂ ಹೇಳಬೇಕಾಗಲಿಲ್ಲ.

ಸಹಿ ಮಾಡಿದ ಮೇಲೂ ದಾರಿಯೇ ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ತೀರ ಏಕಪಕ್ಷೀಯವಾದ ಒಪ್ಪಂದವನ್ನು ಪ್ರಶ್ನಿಸಲು ಅವಕಾಶವಿದೆ, 1915 ಎಂಬ ಸಹಾಯವಾಣಿಯೂ ಇದೆ. ಆದರೆ ಮೊದಲೇ ಓದುವುದಕ್ಕೆ ಒಂದು ಸಂಜೆ ಸಾಕು. ಆಮೇಲೆ ಓಡಾಡುವುದಕ್ಕೆ ಸಾಲದು.

ಕಾರನ್ನು ಬಿಡಲಿಲ್ಲ. ಅದನ್ನು ಮೆಕ್ಯಾನಿಕ್ಕನಿಂದ ಲಿಫ್ಟಿನ ಮೇಲೆ ಏರಿಸಿ ನೋಡಿಸಿದೆವು. ಕಾರ್ಪೆಟ್ ಎತ್ತಿಸಿದ್ದು ನಾನು. ಸೀಟಿನ ಹಳಿಗಳ ಕೆಳಗೆ ಬೆರಳಾಡಿಸಿ ಮೂಸಿಯೂ ನೋಡಿದೆ, ಮಗಳಿಗೆ ನಾಚಿಕೆಯಾಯಿತು. ತುಕ್ಕಿರಲಿಲ್ಲ. ಕ್ಲಚ್ ಅರ್ಧ ಸವೆದಿದೆ ಎಂದು ಅವನು ಹೇಳಿದ್ದನ್ನು ಮುಂದಿಟ್ಟು ಬೆಲೆಯಲ್ಲಿ 12,000 ಇಳಿಸಿದೆವು. ಆ 12,000ವನ್ನೂ ವಾರಂಟಿಯ 21,240ನ್ನೂ ಸೇರಿಸಿ ಮಗಳು ಬೇರೊಂದು ಖಾತೆಯಲ್ಲಿಟ್ಟಳು. ಪ್ರತಿ ತಿಂಗಳು 1,500 ಅದಕ್ಕೆ ಹಾಕುತ್ತಾಳೆ.

ಅದರಿಂದ ಮೊದಲು ತೆಗೆದ ಹಣ ವಿಮೆಗೆ ಹೋಯಿತು. ವಾರಂಟಿ ಬೇರೆ, ವಿಮೆ ಬೇರೆ. ಇವೆರಡನ್ನೂ ನೀವು ಒಂದೇ ಎಂದುಕೊಳ್ಳುವುದನ್ನು ನೋಡಿದ್ದೇನೆ. ಅಪಘಾತ, ಕಳವು, ನೆರೆ ಇವು ವಿಮೆಯ ಪಾಲು. ಅದರಲ್ಲೂ ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಿ ಇಂಜಿನ್ ಕೆಟ್ಟರೆ ಸಾಮಾನ್ಯ ಪಾಲಿಸಿಯಲ್ಲಿ ಹಣ ಸಿಗುವುದು ಕಷ್ಟ, ಅದಕ್ಕೆ ಎಂಜಿನ್ ಪ್ರೊಟೆಕ್ಟ್ ಎಂಬ ಪ್ರತ್ಯೇಕ ಸೇರ್ಪಡೆ ಬೇಕು. ಕಾರಿನ ವಯಸ್ಸಿಗೆ ಒಂದೊಂದು ಕಂಪನಿ ಒಂದೊಂದು ಮಿತಿ ಹಾಕುತ್ತದೆ, ನಮ್ಮದಕ್ಕೆ ಸಿಕ್ಕಿತು. ಮುಂಬಯಿಯ ಮಳೆಯಲ್ಲಿ ಓಡಿಸುವವರಿಗೆ ವಾರಂಟಿಗಿಂತ ಮೊದಲು ಇದು ಬೇಕು ಎಂಬುದು ನನ್ನ ಅಭಿಪ್ರಾಯ. ಇನ್ನೊಂದು: ಹಳೆ ಮಾಲೀಕರ ಪಾಲಿಸಿ ಇದ್ದರೆ 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಕೊಳ್ಳಲು ಅರ್ಜಿ ಹಾಕಬೇಕು, ಅವರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ.

ಇಲ್ಲಿಯವರೆಗೆ ಬ್ಯಾಟರಿಯೊಂದು ಹೋಗಿದೆ, 5,200 ರೂಪಾಯಿ. ಅದು ವಾರಂಟಿಯಲ್ಲೂ ಸಿಗುತ್ತಿರಲಿಲ್ಲ. ಆಕ್ಚುಯೇಟರ್ ಇನ್ನೂ ಗಟ್ಟಿಯಾಗಿದೆ. ನಾಳೆ ಅದು ಹೋದರೆ ಮಗಳು ನನ್ನನ್ನು ಬೈಯಬಹುದು, ಖಾತೆಯಲ್ಲಿರುವುದು ಸಾಲದೆಯೂ ಹೋಗಬಹುದು. ಆ ಹೆದರಿಕೆ ನನಗೆ ಇದೆ. ರಾತ್ರಿ ಕಾರು ಗೇಟಿನ ಒಳಗೆ ಬರುವಾಗ ಗೇರ್ ಬದಲಾಗುವ ಸದ್ದಿಗೆ ಕಿವಿ ಕೊಟ್ಟಿರುತ್ತೇನೆ.

ಕಾರು ಬಂದ ವಾರದಲ್ಲೇ ಒಂದು ಸಂಜೆ ನಾನು ಅವರೆಕಾಳು ಸುಲಿಯುತ್ತಾ ಕುಳಿತಿದ್ದೆ. ನಮ್ಮವರು ಬಂದು ಮೇಜಿನ ಮೇಲೆ ಒಂದು ಲಕೋಟೆ ಇಟ್ಟರು. ಅವರ ಮೆಡಿಕ್ಲೇಮ್ ಪಾಲಿಸಿ, 32 ಪುಟ, ರಿನ್ಯೂವಲ್ಲಿಗೆ ಬಂದಿತ್ತು. "ಸಹಿ ಮಾಡೂ ಮೊದಲ ಇದೊಂದಿಷ್ಟು ಓದಿ ಹೇಳಲಾ" ಎಂದರು, ನನ್ನ ಮುಖ ನೋಡದೆ. ಮತ್ತೆ ಕಾಳಿನ ಪುಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡು ಸುಲಿಯಲು ಕುಳಿತರು. ನಾನು ಕೈ ಒರೆಸಿಕೊಂಡು ಕನ್ನಡಕ ಹುಡುಕಲು ಎದ್ದೆ.