ಗುತ್ತಿಗೆಗೆ ಹೋದ ಹೊಲ

ಬ್ಯಾಂಕಿನಿಂದ ನಿವೃತ್ತಿಯಾಗಿ ನಾಲ್ಕು ತಿಂಗಳಾಗಿತ್ತು. 36 ವರ್ಷದ ನೌಕರಿಯಲ್ಲಿ ಕೊನೆಯ ಆರು ವರ್ಷ ಮ್ಯಾನೇಜರ್ ಕುರ್ಚಿಯಲ್ಲಿ ಕೂತವಳು ನಾನು. ಒಂದು ದಿನ ನನ್ನದೇ ಪಾಸ್‌ಬುಕ್ ಎಂಟ್ರಿ ಮಾಡಿಸಲು ಹೋದರೆ, ಕೌಂಟರಿನ ಹೊಸ ಹುಡುಗ ತಲೆಯೆತ್ತದೆ "ಮೇಡಂ, ಟೋಕನ್ ತಗೊಳ್ಳಿ" ಅಂದ. ಅವನದೇನೂ ತಪ್ಪಿಲ್ಲ. ಆದರೂ ಮನೆಗೆ ಬಂದ ಮೇಲೂ ಆ ಮಾತು ಚುಚ್ಚುತ್ತಲೇ ಇತ್ತು.

ಅದೇ ವಾರ ಪಾವಗಡದ ಕಡೆಯಿಂದ ಸೋದರಮಾವನ ಫೋನು. "ಅಮ್ಮಾಯಿ, ನೀನು ಕಾಗದ ಪತ್ರ ನೋಡಿದೋಳು. ಸೋಲಾರ್‌ಗೆ ಹೊಲ ಕೊಟ್ಟಿದ್ದೀನಲ್ಲ, ಆ ಅಗ್ರಿಮೆಂಟ್ ಒಂದ್ಸಲ ಓದಿ ಹೇಳು ಬಾ. ನಂಗೆ ಎಂಬತ್ತು ದಾಟ್ತು" ಅಂದ. ಕೆಲಸವಿಲ್ಲದ ನನಗೆ ಅದೂ ಒಂದು ಕೆಲಸವೇ ಅನ್ನಿಸಿತು. ಅವಸರವಿರಲಿಲ್ಲ. ತುಮಕೂರಿನಲ್ಲಿ ಬಸ್ ಹತ್ತಿ, ಕೊರಟಗೆರೆ, ಮಧುಗಿರಿ, ಶಿರಾ ನೋಡಿಕೊಂಡು ಸುತ್ತುದಾರಿಯಲ್ಲೇ ಹೊರಟೆ.

ಕೊರಟಗೆರೆಯಲ್ಲಿ ಕಾಫಿ ಕುಡಿಯುವಾಗ ಪಕ್ಕದ ಬೆಂಚಿನಲ್ಲಿ ರಾಜಕೀಯದ ಮಾತು ಜೋರಾಗಿತ್ತು. ಈ ಊರಿನವರಿಗೆ ಅದರ ಹಕ್ಕಿದೆ. 2013ರಲ್ಲಿ ಕಾಂಗ್ರೆಸ್ಸು ರಾಜ್ಯ ಗೆದ್ದಿತು, ಆದರೆ ಅದರ ರಾಜ್ಯಾಧ್ಯಕ್ಷರಾಗಿದ್ದ ಜಿ. ಪರಮೇಶ್ವರ್ ಇಲ್ಲಿ ಸೋತರು. 2018ರಲ್ಲಿ ಇದೇ ಕ್ಷೇತ್ರ ಅವರನ್ನು ಗೆಲ್ಲಿಸಿತು, ಉಪಮುಖ್ಯಮಂತ್ರಿಯಾದರು. ಆ ಸರ್ಕಾರ 14 ತಿಂಗಳಿಗೆ ಉರುಳಿತು. 2023ರಲ್ಲಿ ಮತ್ತೆ ಗೆದ್ದು ಗೃಹ ಸಚಿವರಾದರು. ಬೆಂಚಿನ ಮೇಲಿದ್ದ ಹಿರಿಯರೊಬ್ಬರು, "ನಾವು ಐದೈದು ವರ್ಷಕ್ಕೆ ಬಾಡಿಗೆಗೆ ಕೊಡೋದು ಕಣ್ರೀ, ಕ್ರಯಕ್ಕೆ ಅಲ್ಲ" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಮಧುಗಿರಿ ಬೆಟ್ಟ ಬಸ್ಸಿನಿಂದಲೇ ಕಾಣುತ್ತದೆ. ಏಷ್ಯಾದ ಎರಡನೇ ಅತಿ ದೊಡ್ಡ ಏಕಶಿಲಾ ಬೆಟ್ಟ ಎಂಬ ಹೆಸರು ಅದಕ್ಕೆ. ಕೋಟೆಯ ಮೊದಲ ಬಾಗಿಲುಗಳನ್ನು ದಾಟಿ ಸ್ವಲ್ಪ ದೂರ ಹತ್ತಿದೆ, ಮೊಣಕಾಲು ಸಾಕು ಅಂದಿತು. ಅಲ್ಲೇ ಕೂತು ಕೆಳದಿಯ ರಾಣಿ ವೀರಮ್ಮಾಜಿಯನ್ನು ನೆನೆದೆ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು, ಆಕೆಯನ್ನು ತಂದು ಸೆರೆಯಿಟ್ಟದ್ದು ಈ ಕೋಟೆಯಲ್ಲಿ. ಮಲೆನಾಡಿನ ಮಳೆ, ಅಡಿಕೆ ತೋಟ ಕಂಡವಳಿಗೆ ಈ ಬೋಳು ಬಂಡೆ, ಈ ಬಿಸಿಲು ಹೇಗೆ ಕಂಡಿತೋ! 1767ರಲ್ಲಿ ಪೇಶ್ವೆ ಮಾಧವರಾಯನ ಮರಾಠ ಸೈನ್ಯ ಕೋಟೆ ಹಿಡಿದಾಗ ಆಕೆಗೆ ಬಿಡುಗಡೆಯಾಯಿತು. ಆದರೆ ಸಿಂಹಾಸನ ಮತ್ತೆ ಸಿಗಲಿಲ್ಲ. ನನ್ನ ಟೋಕನ್ ದುಃಖ ಆಕೆಯ ಮುಂದೆ ಎಷ್ಟರದು ಅನ್ನಿಸಿ ನಾಚಿಕೆಯಾಯಿತು.

ನಾನು ಕೂತಿದ್ದ ಕಲ್ಲಿಗೂ ಒಂದು ಕಥೆಯಿದೆ. ರಾಮನಗರದಿಂದ ಈ ಕಡೆಗೆ ಹಬ್ಬಿರುವ ಈ ಗ್ರಾನೈಟ್ ಪಟ್ಟಿಗೆ ಭೂವಿಜ್ಞಾನಿಗಳು ಇಟ್ಟ ಹೆಸರು ಕ್ಲೋಸ್‌ಪೇಟ್ ಗ್ರಾನೈಟ್. ವಯಸ್ಸು ಸುಮಾರು 250 ಕೋಟಿ ವರ್ಷ. ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರಿನಲ್ಲಿ ರಾಮನಗರವನ್ನು ಆಗ ಕ್ಲೋಸ್‌ಪೇಟೆ ಅನ್ನುತ್ತಿದ್ದರು. ಪೇಟೆಯ ಹೆಸರು ಬದಲಾಯಿತು, ಬ್ರಿಟಿಷರೂ ಹೋದರು. ಆ ಹೆಸರು ಮಾತ್ರ ಭೂವಿಜ್ಞಾನದ ಪುಸ್ತಕಗಳಲ್ಲಿ ಕಲ್ಲಿಗೆ ಅಂಟಿಕೊಂಡು ಉಳಿದಿದೆ. ಕಲ್ಲಿಗೆ ಅದರ ಪರಿವೆಯಿಲ್ಲ.

ಮಧುಗಿರಿಯಿಂದ ಶಿರಾಕ್ಕೆ ಹೋದೆ. ಇಂದು ಹೆದ್ದಾರಿಯ ಪಕ್ಕದ ತಾಲೂಕು ಕೇಂದ್ರ, ಅಷ್ಟೇ. ಆದರೆ 1687ರಿಂದ 1757ರವರೆಗೆ ಇದು ಮೊಗಲರ ಒಂದು ಸುಬಾದ ರಾಜಧಾನಿ. ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ, ಪೆನುಕೊಂಡೆಗಳೆಲ್ಲ ಶಿರಾಕ್ಕೆ ಸೇರಿದ್ದವು. ಆ ಕಾಲದ ಅರಮನೆ ಉಳಿದಿಲ್ಲ. ಉಳಿದಿರುವುದು 1696ರ ಜುಮ್ಮಾ ಮಸೀದಿ, ಅದಕ್ಕೂ ಹಿಂದಿನ ಬಿಜಾಪುರದ ಅಧಿಕಾರಿ ಮಲಿಕ್ ರಿಹಾನ್‌ನ ಗೋರಿ. ಗೋರಿಯ ಮುಂದೆ ಒಬ್ಬ ತಾಯಿ ಮಗುವಿಗೆ ಬಿಸ್ಕತ್ತು ತಿನ್ನಿಸುತ್ತಿದ್ದಳು. ಇದೇ ಶಿರಾ ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಕಾಡುಗೊಲ್ಲರು ತಮ್ಮ ವೀರ ಜುಂಜಪ್ಪನ ಕಥೆಯನ್ನು ತಲೆಮಾರುಗಳಿಂದ ಹಾಡಿಕೊಂಡು ಬಂದಿದ್ದಾರೆ. ಕಾಗದದಲ್ಲಿ ಬರೆದಿಟ್ಟಿರಲಿಲ್ಲ, ಬಾಯಲ್ಲೇ ಇಟ್ಟುಕೊಂಡರು. ಅರಮನೆಗಿಂತ ಹಾಡೇ ಹೆಚ್ಚು ಬಾಳಿತು.

ಪಾವಗಡ ತಲುಪುವಾಗ ಸಂಜೆ. ಮರುದಿನ ಶನಿವಾರ, ಶನೈಶ್ಚರನ ಗುಡಿಯ ಮುಂದೆ ಆಂಧ್ರದ ಕಡೆಯಿಂದಲೂ ಜನ. ಚಿಕ್ಕಂದಿನಲ್ಲಿ ಮಾಮ ರಾತ್ರಿಯೆಲ್ಲ ಕೂತು ಶನಿಮಹಾತ್ಮೆ ಓದುತ್ತಿದ್ದ. ವಿಕ್ರಮರಾಜ ರಾಜ್ಯ ಕಳೆದುಕೊಂಡು, ಕೈಕಾಲು ಕಡಿಸಿಕೊಂಡು, ಎಣ್ಣೆಗಾಣ ಹೊಡೆಯುವ ಭಾಗ ಬಂದರೆ ನನ್ನ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ದೀಪಕ ರಾಗ ಹಾಡಿ ಊರಿನ ದೀಪಗಳೆಲ್ಲ ಹೊತ್ತಿಕೊಂಡಾಗ ನಾವು ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದೆವು.

ಈಗ ಅದೇ ಸೀಮೆಯಲ್ಲಿ ಬಿಸಿಲಿನಿಂದ ದೀಪ ಹೊತ್ತುತ್ತದೆ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕು. ಸರ್ಕಾರ ಇಟ್ಟ ಹೆಸರು 'ಶಕ್ತಿ ಸ್ಥಳ'. ಮಳೆ ಕೈಕೊಟ್ಟ, ಕಡಲೆಕಾಯಿ ಒಣಗಿದ ಹೊಲಗಳು ಇವು. ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ, 28 ವರ್ಷ. ಜಮೀನಿದ್ದವರಿಗೆ ಮಳೆ ಬರಲಿ ಬಿಡಲಿ ದುಡ್ಡು ಬರುತ್ತದೆ. ಅದೇ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದವರಿಗೆ ಆ ಬಾಡಿಗೆಯೂ ಇಲ್ಲ, ಕಳೆ ಕೀಳುವ ಕೆಲಸವೂ ಇಲ್ಲ. ಅತ್ತೆ ಇದನ್ನು ಎರಡೆರಡು ಸಲ ಹೇಳಿದಳು.

ಕರಾರನ್ನು ಸಾಲು ಸಾಲಾಗಿ ಓದಿ ಹೇಳಿದೆ. ಮಾಮ ದುಡ್ಡಿನ ಲೆಕ್ಕ ಕೇಳಲೇ ಇಲ್ಲ.

"28 ವರ್ಷ ಆದ್ಮೇಲೆ ನಂದು ಯಾವುದು ಅಂತ ಹೆಂಗೆ ಗೊತ್ತಾಗ್ತದೆ? ಬದು ಎಲ್ಲ ಸಮ ಮಾಡ್ಬಿಟ್ರು."

"ಸರ್ವೆ ನಂಬರ್ ಇದೆಯಲ್ಲ ಮಾಮ. ಪಹಣಿ ನಿನ್ನ ಹೆಸರಲ್ಲೇ ಇದೆ. ಅಳತೆ ಮಾಡಿದರೆ ಸಿಗುತ್ತೆ."

"ಅಳತೆ ಸಿಗ್ತದಮ್ಮಾಯಿ. ಹೊಲ ಸಿಗ್ತದಾ?"

ಉತ್ತರ ಹೊಳೆಯಲಿಲ್ಲ. ಸಂಜೆ ಮೊಮ್ಮಗನ ಬೈಕಿನಲ್ಲಿ ಒಬ್ಬೊಬ್ಬರಾಗಿ ಬೇಲಿಯವರೆಗೆ ಹೋದೆವು. ತಂತಿಯಾಚೆ ಕಣ್ಣು ಹಾಯುವವರೆಗೂ ನೀಲಿ ಫಲಕಗಳು, ಕೆರೆ ತುಂಬಿದ ಹಾಗೆ. ಆ ಫಲಕಗಳೂ ವರ್ಷ ವರ್ಷ ಒಂದಿಷ್ಟು ಶಕ್ತಿ ಕಳೆದುಕೊಳ್ಳುತ್ತವೆ, ಅವುಗಳ ಆಯುಷ್ಯ 25 ವರ್ಷದ ಆಸುಪಾಸು ಅಂತ ಮೊಮ್ಮಗ ಹೇಳಿದ. ಡಿಪ್ಲೊಮಾ ಓದಿದವನು. "ಹಂಗಾದ್ರೆ ಅವೂ ನನ್ನಂಗೇ" ಅಂದ ಮಾಮ.

ರಾತ್ರಿ ಒಂದು ನೋಟ್‌ಬುಕ್ ತಂದು ಅವನ ಎದುರು ಕೂತೆ. ಮಾಮ ಹೇಳುತ್ತಾ ಹೋದ, ನಾನು ಬರೆಯುತ್ತಾ ಹೋದೆ. ಮೂಡಲಿಗೆ ಹುಣಸೆಮರ ಇದ್ದದ್ದು ಎಲ್ಲಿ, ಬಡಗಣ ಬದುವಿನಲ್ಲಿ ಹೊಂಗೆಮರ ಎಷ್ಟು, ಯಾವ ಮೂಲೆಯಲ್ಲಿ ನೆಲ ಕೆಂಪು, ಯಾವ ಮೂಲೆಯಲ್ಲಿ ಸುಣ್ಣದ ಕಲ್ಲು, ಮಳೆನೀರು ಯಾವ ಕಡೆ ಹರಿಯುತ್ತಿತ್ತು, ಅಜ್ಜನನ್ನು ಮಣ್ಣು ಮಾಡಿದ್ದು ಎಲ್ಲಿ. ನಾಲ್ಕು ಪುಟವಾಯಿತು. ಕಾಗದ ಗೆದ್ದಲು ತಿನ್ನಬಹುದು, ಶಾಯಿ ಅಳಿಸಬಹುದು. ಹುಡುಗ ಅದನ್ನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡ, ಆ ಮೊಬೈಲೂ ಎಷ್ಟು ದಿನವೋ! ಆದರೆ ಬರೆಯುವಾಗ ಅವನು ಪಕ್ಕದಲ್ಲಿ ಕೂತು ಕೇಳಿಸಿಕೊಂಡ. ಸುಣ್ಣದ ಕಲ್ಲಿನ ಮೂಲೆ ಯಾವುದು ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಗುತ್ತಿಗೆ ಮುಗಿಯುವಾಗ ಅವನಿಗೆ ಐವತ್ತರ ಹತ್ತಿರ.

ವಾಪಸ್ ಬಂದ ಮೇಲೆ ಮತ್ತೆ ಬ್ಯಾಂಕಿಗೆ ಹೋದೆ. ನಾನೇ ಹೋಗಿ ಟೋಕನ್ ತಗೊಂಡು ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿದ್ದ ಅಜ್ಜಿಗೆ ಚಲನ್ ತುಂಬಲು ಬರುತ್ತಿರಲಿಲ್ಲ. ಪೆನ್ನು ತೆಗೆದು ಬರೆದುಕೊಟ್ಟೆ.