ಮೂರನೆಯ ಭಾಗ

ಮುಗಿದ ಕಥೆಗಿಂತ ಮುಗಿಯದ ಕಥೆಯೇ ಮನಸ್ಸನ್ನು ಹೆಚ್ಚು ಕಾಡುತ್ತದೆಯಲ್ಲವೆ? ಪ್ರಶಾಂತ್ ನೀಲ್ ಅವರ ‘ಕೆ.ಜಿ.ಎಫ್.’ ಚಲಚ್ಚಿತ್ರದ ಎರಡನೆಯ ಭಾಗ 2022ರ ಏಪ್ರಿಲ್ 14ರಂದು ತೆರೆಗೆ ಬಂದಿತು. ನಾಯಕ ರಾಕಿ ಚಿನ್ನದೊಡನೆ ಕಡಲಲ್ಲಿ ಮುಳುಗಿದನು. ಕಡೆಯಲ್ಲಿ ಮೂರನೆಯ ಭಾಗದ ಕರಡನ್ನು ತೋರಿಸಿ ನಿರ್ದೇಶಕರು ಕುತೂಹಲ ಕೆರಳಿಸಿದರು.

ಅಂದಿನಿಂದ ಕುದುರೆಮುಖದ ನಮ್ಮ ಹುಡುಗರಿಗೆ ಅದೇ ಧ್ಯಾನ. ಅವನು ಜಲಾಂತರ್ಗಾಮಿಯೇರಿ ಪಾರಾದನೆಂದು ಒಬ್ಬನ ವಾದ. ಪರದೇಶದ ಸೆರೆಯಲ್ಲಿರುವನೆಂದು ಇನ್ನೊಬ್ಬನದು.

ಕೇಳಿ ನಗಲು ನನಗೆ ಮನಸ್ಸಾಗದು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ ನಮ್ಮ ಕಬ್ಬಿಣದ ಅದಿರಿನ ಗಣಿಯೂ 2005ರ ಕೊನೆಗೆ ನಿಂತಿತು. ಕಾಡು ಉಳಿಯಿತು, ಸಂತೋಷವೇ. ಆದರೆ ನೆರೆಹೊರೆಯವರು ಒಬ್ಬೊಬ್ಬರಾಗಿ ಮನೆಗೆ ಬೀಗವಿಕ್ಕಿ ಹೊರಟುಹೋದರು. ಮುಳುಗಿದವನು ಎದ್ದುಬರಲೆಂದು ಈ ಊರಿನ ಮಕ್ಕಳು ಬಯಸುವುದು ಬರಿಯ ಸಿನಿಮಾದ ಹುಚ್ಚಲ್ಲ.