ಮುಳುಗಿದ ಹಡಗುಗಳು ಕಲಿಸಿದ ಪಾಠ

ಪೂಜ್ಯ ಶ್ರೀಗಳವರ ಆಶ್ರಯದಲ್ಲಿ ಅನ್ನವನ್ನೂ ಅಕ್ಷರವನ್ನೂ ಪಡೆದು ಮುಂದೆ ವೈದ್ಯನಾದ ನನಗೆ, ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆಯುವ ಅವಕಾಶ ದೊರೆತುದು ಭಾಗ್ಯವೇ ಸರಿ. ಬಯಲುಸೀಮೆಯ ಮಕ್ಕಳು ಓದುವ ಶಾಲೆಯ ಸಂಚಿಕೆಯಲ್ಲಿ ಹಡಗಿನ ಮಾತೇಕೆ ಎಂದು ಯಾರಾದರೂ ಕೇಳಬಹುದು. ನೀರು ಮನುಷ್ಯನನ್ನು ಹೇಗೆ ಕೊಲ್ಲುತ್ತದೆಂಬುದನ್ನು ವೈದ್ಯಶಾಸ್ತ್ರವು ಹಡಗುಗಳ ದುರಂತಗಳಿಂದ ಬಹಳಷ್ಟು ಕಲಿತಿದೆ. ಆ ಪಾಠ ನಮ್ಮ ಕೆರೆ ಬಾವಿಗಳಿಗೂ ಬೇಕಾದುದು.

1912ರ ಏಪ್ರಿಲ್ 15ರ ನಸುಕಿನಲ್ಲಿ ಟೈಟಾನಿಕ್ ಹಡಗು ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿತು. ಅದರಲ್ಲಿದ್ದವರು ಸುಮಾರು 2,200 ಜನ. ರಕ್ಷಣಾ ದೋಣಿಗಳಲ್ಲಿ ಸ್ಥಳವಿದ್ದುದು 1,178 ಜನರಿಗೆ ಮಾತ್ರ. ಸುಮಾರು 1,500 ಮಂದಿ ಮಡಿದರು. ಅವರಲ್ಲಿ ಅನೇಕರು ತೇಲುವ ಕವಚ ತೊಟ್ಟಿದ್ದರು. ಅವರನ್ನು ಕೊಂದದ್ದು ಸೊನ್ನೆ ಡಿಗ್ರಿಗಿಂತಲೂ ತಣ್ಣಗಿದ್ದ ನೀರಿನ ಶೀತ. 1914ರಲ್ಲಿ ರಾಷ್ಟ್ರಗಳು ಕೂಡಿ ಸಮುದ್ರಯಾನದ ಸುರಕ್ಷತೆಗೆ ಒಪ್ಪಂದವೊಂದನ್ನು ಮಾಡಿಕೊಂಡವು.

1963ರ ಡಿಸೆಂಬರಿನಲ್ಲಿ ಲಾಕೋನಿಯಾ ಎಂಬ ಗ್ರೀಕ್ ಹಡಗಿಗೆ ಮಡೈರಾ ದ್ವೀಪದ ಬಳಿ ಬೆಂಕಿ ಬಿದ್ದು 128 ಮಂದಿ ಸತ್ತರು. ಅಲ್ಲಿಯ ನೀರು ಸುಮಾರು 18 ಡಿಗ್ರಿ, ಅಷ್ಟೇನೂ ತಣ್ಣಗಿನದಲ್ಲ. ಆದರೂ ಕವಚ ತೊಟ್ಟು ತೇಲುತ್ತಿದ್ದ ಬಹುಮಂದಿ ಶೀತದಿಂದಲೇ ಅಳಿದರು. ಬಟ್ಟೆ ಕಳಚಿ ಈಜಾಡಿದರೆ ಮೈಯ ಕಾವು ಬೇಗ ಇಳಿಯುತ್ತದೆಂದೂ, ಬಟ್ಟೆ ತೊಟ್ಟು, ಮೊಣಕಾಲುಗಳನ್ನು ಎದೆಗೆ ಸೆಳೆದುಕೊಂಡು ನಿಶ್ಚಲವಾಗಿ ತೇಲುವುದೇ ಮೇಲೆಂದೂ ಸಂಶೋಧನೆ ತೋರಿಸಿತು. ನೀರಿನಿಂದೆತ್ತುವಾಗಲೂ ಎಚ್ಚರ ಬೇಕು. ಬಹಳ ಹೊತ್ತು ತಣ್ಣೀರಿನಲ್ಲಿದ್ದವನನ್ನು ನೆಟ್ಟಗೆ ಮೇಲಕ್ಕೆಳೆದರೆ, ಅದುವರೆಗೆ ದೇಹವನ್ನು ಒತ್ತಿ ಹಿಡಿದಿದ್ದ ನೀರಿನ ಆಸರೆ ತಪ್ಪಿ ರಕ್ತದೊತ್ತಡ ಕುಸಿಯುತ್ತದೆ. ಬದುಕಿ ಬಂದವನು ದಡದಲ್ಲಿಯೇ ಪ್ರಾಣ ಬಿಡಬಹುದು. ಆದುದರಿಂದ ಸಾಧ್ಯವಾದಲ್ಲಿ ಅಡ್ಡಲಾಗಿ ಮಲಗಿಸಿಯೇ ಎತ್ತಬೇಕು; ನಡೆಸಬಾರದು, ಮೈ ತಿಕ್ಕಬಾರದು, ಮದ್ಯ ಕೊಡಬಾರದು.

ನಾನು ಏಳನೆಯ ತರಗತಿಯಲ್ಲಿದ್ದಾಗ ನಮ್ಮ ಜೊತೆಯ ಹುಡುಗನೊಬ್ಬ ಊರ ಕೆರೆಯಲ್ಲಿ ಮುಳುಗಿದ. ಹಿರಿಯರು ಅವನನ್ನು ತಲೆಕೆಳಗಾಗಿ ಹೆಗಲಿಗೆ ಹಾಕಿಕೊಂಡು ಓಡಿದರು, ಹೊಟ್ಟೆಯನ್ನು ಒತ್ತಿದರು. ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಮಾಡಬೇಕಾದುದೇನೆಂಬುದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಹುಡುಗ ಉಳಿಯಲಿಲ್ಲ.

ಹೊಟ್ಟೆ ಒತ್ತಿದರೆ ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮುಳುಗಿದವನಿಗೆ ಮೊದಲು ಬೇಕಾದುದು ಉಸಿರು. ಅದಿಲ್ಲದೆ ಮಿದುಳು ಕೆಲವೇ ನಿಮಿಷಗಳಲ್ಲಿ ಕೆಡತೊಡಗುತ್ತದೆ. ಅಂಗಾತ ಮಲಗಿಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ಉಸಿರಾಟ ನಿಂತಿದ್ದರೆ ಮೂಗನ್ನು ಹಿಡಿದು ಬಾಯಿಗೆ ಬಾಯಿಯಿಟ್ಟು ಐದು ಬಾರಿ ಉಸಿರೂದಬೇಕು. ಅನಂತರ ಎದೆಯ ನಡುವೆ 30 ಬಾರಿ ಒತ್ತುವುದು, ಎರಡು ಬಾರಿ ಊದುವುದು. ವೈದ್ಯರು ಬರುವವರೆಗೂ ಇದನ್ನು ಬಿಡಬಾರದು. ಚೇತರಿಸಿಕೊಂಡವನನ್ನೂ ಆಸ್ಪತ್ರೆಗೆ ಒಯ್ಯಲೇಬೇಕು. ನೀರು ಹೊಕ್ಕ ಶ್ವಾಸಕೋಶ ಕೆಲವು ಗಂಟೆಗಳ ತರುವಾಯ ಹದಗೆಡಬಹುದು.

ಈಜು ಬಲ್ಲವರೇ ಆದರೂ ಹಾರಿ ಇಳಿಯುವ ಮೊದಲು ದಡದಿಂದ ಹಗ್ಗ, ಕೋಲು ಅಥವಾ ಸೀರೆಯ ಸೆರಗನ್ನಾದರೂ ಚಾಚುವುದು ವಿವೇಕ. ಒಬ್ಬನನ್ನು ಉಳಿಸಹೋಗಿ ಇಬ್ಬರು ಮುಳುಗಿದ ನಿದರ್ಶನಗಳು ನಮ್ಮಲ್ಲಿ ಹೇರಳವಾಗಿವೆ.

ಅಧ್ಯಾಪಕ ಬಂಧುಗಳಲ್ಲಿ ನನ್ನ ವಿನಂತಿಯಿಷ್ಟೆ: ಪ್ರೌಢಶಾಲೆಯನ್ನು ದಾಟುವ ಪ್ರತಿಯೊಂದು ಮಗುವೂ ಈಜನ್ನೂ ಉಸಿರು ನೀಡುವ ಕ್ರಮವನ್ನೂ ಅಭ್ಯಾಸದಿಂದ ಕಲಿಯಲಿ. ದಾನಿಗಳು ಊರೂರ ಕೆರೆಯ ದಂಡೆಯಲ್ಲಿ ಒಂದು ಹಗ್ಗ, ಗಾಳಿ ತುಂಬಿದ ಒಂದು ಟ್ಯೂಬನ್ನು ಇರಿಸುವ ವ್ಯವಸ್ಥೆ ಮಾಡಲಿ. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಹಸಿದವನಿಗೆ ಅನ್ನವಿಕ್ಕುವುದು ದಾಸೋಹವಾದರೆ, ಉಸಿರು ನಿಂತವನಿಗೆ ಉಸಿರು ಕೊಡುವುದೂ ದಾಸೋಹವೇ. ಆ ಕಾಯಕಕ್ಕೆ ಎಲ್ಲರೂ ಮನಸ್ಸು ಮಾಡಬೇಕೆಂದು ಪ್ರಾರ್ಥಿಸುತ್ತೇನೆ.